ಅಡ್ಡಹಾಡಿನ ಅಬಾ

ಒಬಿದಾನ್ ಊರಿನಲ್ಲಿ ಕಥೆ ಹೇಳುವವರಿಗೆ ಬರ ಇರಲಿಲ್ಲ. ಹೆಂಡ ಇಳಿಸುವವನು ಹೇಳುತ್ತಿದ್ದ, ಬಲೆ ಹೆಣೆಯುವವನು ಹೇಳುತ್ತಿದ್ದ, ಹಲ್ಲಿಲ್ಲದ ಮುದುಕಿಯರೂ ಹೇಳುತ್ತಿದ್ದರು. ಆದರೆ ಕಥೆಗೆ ಅಡ್ಡ ಬರಬೇಕಾದರೆ ಅದಕ್ಕೆ ಅಬಾ ನ್ಯಾರ್ಕೋವಾಳೇ ಆಗಬೇಕು ಎಂದು ಸುತ್ತಲ ಊರುಗಳವರೂ ಒಪ್ಪಿಕೊಂಡಿದ್ದರು.

ಅಡ್ಡ ಬರುವುದೆಂದರೆ ಗೊಣಗುವುದಲ್ಲ, ನಡುವೆ ಎದ್ದು ಹೋಗುವುದಲ್ಲ. ಫಾಂಟಿ ಮಾತಾಡುವ ನಮ್ಮ ಕಡಲ ಸೀಮೆಯಲ್ಲಿ ಕಥೆ ಒಬ್ಬರ ಸೊತ್ತಲ್ಲ. ಹೇಳುವವನು ಒಳ್ಳೆಯ ಓಟದಲ್ಲಿರುವಾಗ ಕೇಳುವವರಲ್ಲಿ ಯಾರು ಬೇಕಾದರೂ ಎದ್ದು, "ಕಥೆ ಅಲ್ಲೇ ಹಿಡ್ಕೊಳಪ್ಪಾ, ಆವತ್ತು ನಾನೂ ಅಲ್ಲಿದ್ದೆ!" ಎಂದು ಕೂಗಬಹುದು. ಕೂಗಿದ ಮೇಲೆ ಹಾಡು ಎತ್ತಬೇಕು. ಕೂತವರೆಲ್ಲ ಸೊಲ್ಲು ಸೇರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಡೋಲಿನವನು ಎಚ್ಚರಗೊಳ್ಳುತ್ತಾನೆ, ನಾಲ್ಕು ಜನ ಕುಣಿಯಲು ಏಳುತ್ತಾರೆ. ಅಲ್ಲಿಯವರೆಗೆ ಹೇಳುವವನು ಬಾಯಿ ಮುಚ್ಚಿಕೊಂಡು ಕಾಯಬೇಕು. ಹಾಡು ಮುಗಿದ ಮೇಲೆ ಕಥೆಯನ್ನು ಅವನ ಕೈಗೇ ಒಪ್ಪಿಸಬೇಕು, ಅದೂ ಕಸಿದುಕೊಂಡಾಗ ಇದ್ದುದಕ್ಕಿಂತ ಬಿಸಿಯಾಗಿ. ಬೇಗ ಎದ್ದರೆ ಹಾಡು ಹಸಿ, ತಡವಾಗಿ ಎದ್ದರೆ ಹಳಸಲು. ಯಾವಾಗ ಏಳಬೇಕೆಂದು ಯಾರೂ ಹೇಳಿಕೊಡುವುದಿಲ್ಲ.

ಅಬಾ ದೊಡ್ಡವರ ಸೊಂಟದಷ್ಟು ಎತ್ತರ ಇರುವಾಗಲೇ ಅದು ಅವಳಿಗೆ ಬಂದಿತ್ತು. ಆಗಿನ ಕಾಲದ ದೊಡ್ಡ ಕಥೆಗಾರ ಒಡೂಮಜ್ಜ ಚಿರತೆಯ ಅಮ್ಮ ಸತ್ತ ಕಥೆ ಹೇಳುತ್ತಿದ್ದ. ಕಾಡಿನ ಪ್ರಾಣಿಗಳೆಲ್ಲ ಸಾವಿನ ಮನೆಗೆ ಬಂದವು, ಮೇಕೆಯೂ ಬಂದಿತು ಎಂದು ಹೇಳಿ ಅಜ್ಜ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಈ ಚೋಟುದ್ದದ ಹುಡುಗಿ ತಾಯಿಯ ತೊಡೆಯಿಂದ ಜಿಗಿದು, "ಹಿಡ್ಕೊ ತಾತಾ, ನಾನಲ್ಲಿದ್ದೆ!" ಎಂದು ಮೇಕೆಯ ದನಿಯಲ್ಲಿ ಹಾಡಿದ್ದಳು:

"ಅಳ್ತೀನಣ್ಣಾ ಅಳ್ತೀನಿ,
ಬಾಗಿಲ ಹತ್ರಾನೇ ನಿಂತ್ಕೊಂಡು ಅಳ್ತೀನಿ!"

ನಕ್ಕು ನಕ್ಕು ಅಜ್ಜ ಮಣೆಯಿಂದ ಜಾರಿದ್ದ. ಆಮೇಲೆ ಅವಳನ್ನು ಹತ್ತಿರ ಕರೆದು, "ನೀನು ಕಥೆ ಹೇಳಕ್ಕೆ ಹೋಗ್ಬೇಡ ಮಗಳೇ. ಕಥೆ ಹೇಳೋ ಬಾಯಿ ಬೇರೆ, ಕಥೆ ಕಚ್ಚೋ ಬಾಯಿ ಬೇರೆ. ನಿಂದು ಕಚ್ಚೋದು," ಎಂದ. ಅಬಾ ಅದನ್ನು ಆಶೀರ್ವಾದ ಎಂದೇ ತಿಳಿದಳು.

ಬೆಳೆದ ಮೇಲೆ ಅವಳು ಕೆಂಕೆ ಮಾಡಿ ಮಾರುವವಳಾದಳು. ಜೋಳ ನೆನೆಹಾಕಿ, ಬೀಸಿಸಿ, ಹಿಟ್ಟು ಹುಳಿ ಬರಿಸಿ, ಬಾಳೆಯ ಒಣಗಿದೆಲೆಯಲ್ಲಿ ಉಂಡೆ ಕಟ್ಟಿ ಹಂಡೆಯಲ್ಲಿ ಬೇಯಿಸುವ ಕೆಲಸ; ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಬಡಗಿ ಎಬೋನನ್ನು ಮದುವೆಯಾದಳು. ಎಬೋ ಮಾತು ಕಡಿಮೆಯ ಮನುಷ್ಯ. ಕಥೆ ಶುರುವಾದರೆ ಬೇವಿನ ಮರಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಕಥೆಯ ಕಣದಲ್ಲಿ ಅವಳಿಗೆ ಸರಿಜೋಡಿಯಾಗಿ ಸಿಕ್ಕಿದ್ದು ಕೊಜೋ ತಾವಿಯಾ. ಅವನು ತಾಳೆ ಮರದಿಂದ ಹೆಂಡ ಇಳಿಸುವವನು. ಒಡೂಮಜ್ಜ ಹೋದ ಮೇಲೆ ಊರಿನ ಕಥೆಯ ಮಣೆಯ ಮೇಲೆ ಕೂತವನು. ಸಂಜೆ ಊಟ ಮುಗಿದು ಜನ ಬೇವಿನ ಮರದ ಕೆಳಗೆ ಸೇರಿದಾಗ ಅವನು, "ಕಥೆ ನಂಬಕ್ಕಲ್ಲಪ್ಪೋ!" ಎಂದು ಕೂಗಬೇಕು, ಜನ "ಎತ್ತಿಟ್ಕೊಳ್ಳಕ್ಕೆ!" ಎಂದು ತಿರುಗಿ ಕೂಗಬೇಕು, ಆಗ ಅವನ ಕಣ್ಣು ಮೊದಲು ಹುಡುಕುತ್ತಿದ್ದುದು ಅಬಾಳನ್ನು. ಅವಳು ಬಂದಿಲ್ಲ ಎಂದರೆ ಸುಮ್ಮನೆ ಹೆಂಡದ ಸೋರೆಬುರುಡೆ ತೊಳೆಯುತ್ತ ಹೊತ್ತು ಕಳೆಯುತ್ತಿದ್ದ. ಇಬ್ಬರಿಗೂ ಅದೊಂದು ಕುಸ್ತಿ. ಅವನು ಅವಳನ್ನು ಕೆಣಕಲೆಂದೇ ಕಥೆಯಲ್ಲಿ ಸಂದು ಬಿಡುತ್ತಿದ್ದ. ಅವಳು ಆ ಸಂದು ಬಿಟ್ಟು ಅವನು ಎಣಿಸದೇ ಇದ್ದ ಕಡೆ ನುಗ್ಗುತ್ತಿದ್ದಳು. ಅವಳು ಹಾಡುವಾಗ ಅವನು ಒಂದು ಗುಟುಕು ಹೆಂಡ ಕುಡಿದು ಮುಂದಿನದನ್ನು ಯೋಚಿಸಿಟ್ಟುಕೊಳ್ಳುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆಯಿತು. ಅಬಾಳ ತಲೆಯಲ್ಲಿ ಬಿಳಿ ಕೂದಲು ಇಣುಕಿತು, ಕೊಜೋನ ಮೊಣಕಾಲು ಮರ ಹತ್ತಲು ತಕರಾರು ಮಾಡತೊಡಗಿತು.

ಆ ಹೊತ್ತಿಗೆ ಪಟ್ಟಣದಲ್ಲಿ ಫಾಂಟಿ ಮಾತಿನದೇ ಒಂದು ರೇಡಿಯೋ ಶುರುವಾಗಿತ್ತು. ಅಲ್ಲಿಂದ ಕ್ವೇನ್ಸಾ ಎಂಬವನು ಒಬಿದಾನ್‌ಗೆ ಬಂದ. ಒಳ್ಳೆಯ ಮನುಷ್ಯ, ಹಿರಿಯರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವವನು. ಕೊಜೋನ ಕಥೆಗಳನ್ನು ದನಿ ಹಿಡಿಯುವ ಯಂತ್ರದಲ್ಲಿ ಹಿಡಿದು ವಾರಕ್ಕೊಂದು ಪ್ರಸಾರ ಮಾಡುತ್ತೇನೆ ಎಂದ. ಊರಿಗೆಲ್ಲ ಸಂಭ್ರಮ. ಶಾಲೆಯ ಒಂದು ಕೋಣೆಯ ಕಿಟಕಿಗಳಿಗೆ ಚಾಪೆ ಕಟ್ಟಿದರು, ಸುತ್ತಮುತ್ತಲ ಕೋಳಿಗಳನ್ನು ಓಡಿಸಿದರು. ಕೊಜೋ ಹಬ್ಬದ ಬಟ್ಟೆ ಹೊದ್ದು ಬಂದ. ಅಬಾಳೂ ಹೊಸ ತಲೆವಸ್ತ್ರ ಕಟ್ಟಿ ಮುಂದಿನ ಬೆಂಚಿನಲ್ಲೇ ಕೂತಳು.

ಕೊಜೋ ಆರಿಸಿಕೊಂಡದ್ದು ನಮ್ಮ ಕಥೆಗಳ ಕಿಲಾಡಿ ಜೇಡ, ಜೇಡಪ್ಪ, ತನ್ನ ಕಾಲುಗಳನ್ನು ಬಾಡಿಗೆಗೆ ಕೊಟ್ಟ ಕಥೆ. ಕೂತಲ್ಲೇ ಉಣ್ಣಬೇಕೆಂದು ಜೇಡಪ್ಪ ಒಂದು ಕಾಲನ್ನು ಹಾವಿಗೆ, ಒಂದನ್ನು ಮೀನಿಗೆ, ಒಂದನ್ನು ಬಸವನಹುಳುವಿಗೆ, ಹೀಗೆ ಎಲ್ಲವನ್ನೂ ಬಾಡಿಗೆಗೆ ಕೊಟ್ಟು ಗುಂಡಗೆ ಕೂತಿದ್ದಾನೆ. ಅಷ್ಟರಲ್ಲಿ ಪಕ್ಕದೂರಿನಲ್ಲಿ ಔತಣದ ಡೋಲು ಕೇಳುತ್ತದೆ. ಜೇಡಪ್ಪ ಗಂಟಲು ಹರಿಯುವಂತೆ ಕಾಲುಗಳನ್ನು ಕೂಗುತ್ತಾನೆ.

"ಹಿಡ್ಕೊ ಕಥೆ!" ಅಬಾ ಎದ್ದಳು. "ನಾನಲ್ಲಿದ್ದೆ!"

"ಕಾಲೇ ಕಾಲೇ ಎಲ್ಲಿದ್ದೀಯೇ?
ಬಾಡಿಗೆ ಮನೇಲಿ ಸುಖವಾಗಿದ್ದೀನಿ!
ಕಾಲೇ ಕಾಲೇ ಬರಲ್ವೇನೇ?
ಬಂದ್ರೆ ಮತ್ತೆ ನಿನ್ನ ಹೊರ್ಬೇಕಲ್ಲ!"

ಬಾಗಿಲಾಚೆ ನಿಂತವರೂ ಸೊಲ್ಲು ಹಿಡಿದರು. ಕ್ವೇನ್ಸಾ ಯಂತ್ರ ನಿಲ್ಲಿಸಿದ.

"ಹಾಡು ತುಂಬಾ ಚೆನ್ನಾಗಿದೆಯಮ್ಮಾ. ಆದ್ರೆ ನಮ್ಗೆ ಕೊಟ್ಟಿರೋ ಹೊತ್ತು ಇಷ್ಟೇ. ವಾರ್ತೆ ಶುರುವಾಗೋದ್ರೊಳ್ಗೆ ಕಥೆ ಮುಗೀಬೇಕು."

"ವಾರ್ತೆಯೋನಿಗೆ ಸ್ವಲ್ಪ ಕಾಯಕ್ಕೆ ಹೇಳಪ್ಪಾ," ಎಂದಳು ಅಬಾ. "ಸುದ್ದಿ ಏನು ಓಡಿ ಹೋಗುತ್ತಾ?"

ಎಲ್ಲರೂ ನಕ್ಕರು, ಕ್ವೇನ್ಸಾನೂ ನಕ್ಕ. ಆದರೆ ಎರಡನೇ ಸಲವೂ ಅವಳು ಅಲ್ಲೇ ಎದ್ದಾಗ ಅವನು ನಗಲಿಲ್ಲ. ಕೊಜೋ ತಿರುಗಿ ನೋಡಿ, "ಒಂದ್ಸಲ ಸುಮ್ನಿರೇ ಮಾರಾಯ್ತಿ. ಒಂದೇ ಸಲ," ಎಂದ. ಅಬಾ ಸುಮ್ಮನಿರಲು ನಿಜವಾಗಿಯೂ ಪ್ರಯತ್ನಪಟ್ಟಳು. ಮೂರನೇ ಸಲ ಅವಳು ಏಳಲಿಲ್ಲ, ಆದರೆ "ಹಿ..." ಎಂಬ ಸದ್ದು ತಾನಾಗಿಯೇ ಹೊರಬಿತ್ತು. ಕೊನೆಗೆ ಮರ್ಯಾದೆಯಿಂದಲೇ ಅವಳನ್ನು ಹೊರಗೆ ಕಳಿಸಿದರು.

ಅವಳು ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಳು. ಚಾಪೆಯ ಸಂದಿನಿಂದ ಕೊಜೋನ ದನಿ ಕೇಳುತ್ತಿತ್ತು. ಹಾವು ಬಂತು, ಮೀನು ಬಂತು, ಡೋಲು ಕೇಳಿತು, ಜೇಡಪ್ಪ ಕೂಗಿದ. ಅಬಾ ಹೊದ್ದ ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಳಗೆ ಕೊಜೋ ರೂಢಿಯಂತೆ ನಿಲ್ಲಿಸಿದ. ಒಂದು ಗಳಿಗೆ ಏನೂ ಕೇಳಲಿಲ್ಲ. ಅವನು ತನಗಾಗಿ ಕಾಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಓಡಿದ. ಹಂಡೆಯ ಬಾಯಿಗೆ ಕಲ್ಲು ಹೇರಿ ಕೆಳಗೆ ಉರಿ ಹಾಕಿದ ಹಾಗೆ ಅವಳ ಎದೆ ಕುದಿಯಿತು.

ಪ್ರಸಾರದ ಸಂಜೆ ಊರೆಲ್ಲ ಹೆಂಡದಂಗಡಿಯ ರೇಡಿಯೋದ ಮುಂದೆ ಸೇರಿತ್ತು. ಸ್ವತಃ ಕೊಜೋನೂ ಅಲ್ಲಿದ್ದ, ತನ್ನ ದನಿ ಕೇಳಿ ನಾಚಿಕೊಂಡು ನೆಲ ನೋಡುತ್ತಿದ್ದ. ಅಬಾ ಬರಬಾರದೆಂದಿದ್ದವಳು ಬಂದಳು. ಜೇಡಪ್ಪ ಕಾಲುಗಳನ್ನು ಕೂಗಿದ ತಕ್ಷಣ ಅವಳ ಸೊಂಟ ತಾನಾಗಿಯೇ ಮೇಲೆದ್ದಿತು.

"ಹಿಡ್ಕೊಳಪ್ಪಾ ಕಥೆ, ಆವತ್ತು ನಾನೂ ಅಲ್ಲಿದ್ದೆ!"

ರೇಡಿಯೋ ಹಿಡಿದುಕೊಳ್ಳಲಿಲ್ಲ. ಅವಳು ಹಾಡಿದಳು, ಜನರೂ ಅಭ್ಯಾಸಬಲದಿಂದ ಸೊಲ್ಲು ಸೇರಿಸಿದರು, ಒಳ್ಳೆಯ ಕುಣಿತವೂ ಆಯಿತು. ಹಾಡು ಮುಗಿಸಿ, ಕಥೆಯನ್ನು ಒಪ್ಪಿಸಲೆಂದು ಅವಳು ರೇಡಿಯೋದ ಕಡೆಗೆ ಕೈ ಚಾಚಿದಾಗ ಅದರೊಳಗಿಂದ ಯಾವುದೋ ಹೆಂಗಸು ಬಟ್ಟೆ ಸೋಪಿನ ಗುಣಗಾನ ಮಾಡುತ್ತಿದ್ದಳು. ಕಥೆ ಯಾವಾಗಲೋ ಮುಗಿದಿತ್ತು.

ನಗು ಆಮೇಲೆ ಬಂತು, ಮೊದಲು ಬಂದದ್ದು ಸಿಡುಕು. "ಏನತ್ತೆ ನೀನು! ಕೊನೆಗೇನಾಯ್ತು ಅಂತ ಕೇಳಿಸ್ಲೇ ಇಲ್ಲ!" ಎಂದಳು ಹೆಂಡದಂಗಡಿಯ ಸೊಸೆ.

"ಕೊನೆಗೇನಾಯ್ತು ಅಂತ ನಿಂಗೊತ್ತಿಲ್ವೇನೇ? ಹುಟ್ಟಿದಾಗಿಂದ ಕೇಳ್ತಾ ಇದ್ದೀಯ!"

"ರೇಡಿಯೋದಲ್ಲಿ ಬೇರೆ ಥರ ಇರುತ್ತೇನೋ ಅಂತಿದ್ದೆ."

ಅಬಾಳನ್ನು ಕೊರೆದದ್ದು ಬೇರೆಯೇ ಸಂಗತಿ. ಆವತ್ತು ಕಿಟಕಿಯ ಕೆಳಗೆ ಅವಳು ಕೇಳಿದ್ದ ಆ ಒಂದು ಗಳಿಗೆಯ ಮೌನ ರೇಡಿಯೋದಲ್ಲಿ ಇರಲಿಲ್ಲ. ಅದನ್ನು ಕತ್ತರಿಸಿ ಎರಡು ತುದಿಗಳನ್ನೂ ಅಂಟಿಸಿಬಿಟ್ಟಿದ್ದರು.

ಕೊಜೋನ ಹೆಸರು ಹರಡಿತು. ಮಂಕೆಸಿಮ್ ಸಂತೆಯಲ್ಲಿ ಜನ ಅವನ ದನಿ ಕೇಳಿ ತಿರುಗಿ ನೋಡುತ್ತಿದ್ದರಂತೆ. ಅಬಾಳಿಗೆ ಅದರ ಬಗ್ಗೆ ಹೊಟ್ಟೆಕಿಚ್ಚಿರಲಿಲ್ಲ. ಒಳ್ಳೆಯ ಕಥೆಗಾರನನ್ನು ಒಳ್ಳೆಯವನೆಂದರೆ ತಪ್ಪೇನು? ಕಷ್ಟವಾದದ್ದು ಅವನು ಬೇವಿನ ಮರದ ಕೆಳಗೂ ಹಾಗೆಯೇ ಹೇಳತೊಡಗಿದಾಗ. ಮಾತು ನುಣ್ಣಗಾಯಿತು, ವೇಗವಾಯಿತು, ಎಲ್ಲೂ ಸಂದಿಲ್ಲ. ಒಂದು ಸಂಜೆ ಅವಳು ಎದ್ದು "ಹಿಡ್ಕೊ" ಎನ್ನುತ್ತಿದ್ದಂತೆ ಅವನು ಅಂಗೈ ಎತ್ತಿ ತೋರಿಸಿ, "ಒಂದ್ನಿಮಿಷ ಅಬಾ, ಇದೊಂದು ಮುಗಿಸ್ಬಿಡ್ತೀನಿ," ಎಂದ.

ಒಬಿದಾನ್‌ನಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಡೋಲಿನವನು ಕೋಲನ್ನು ಗಾಳಿಯಲ್ಲೇ ಹಿಡಿದು ಕೂತ. ಅಬಾ ನಿಂತೇ ಇದ್ದಳು. ಕೂತರೆ ಸೋತ ಹಾಗೆ, ನಿಂತರೆ ಕಂಬದ ಹಾಗೆ. ಕೊಜೋ ಕಥೆ ಮುಗಿಸಿದ. ಜನ ಶಾಲೆಯ ಭಾಷಣಕ್ಕೆ ತಟ್ಟುವಂತೆ ಕೊನೆಯಲ್ಲಿ ಚಪ್ಪಾಳೆ ತಟ್ಟಿದರು.

"ಈಗ ಹಾಡು," ಎಂದ ಕೊಜೋ.

"ಊಟ ಆದ್ಮೇಲೆ ಉಪ್ಪು ಬಡಿಸ್ಲಾ?" ಎಂದು ಅವಳು ತನ್ನ ಮಣೆ ಎತ್ತಿಕೊಂಡು ಮನೆಗೆ ಹೊರಟಳು.

ಇಗರ್ಜಿಗೆ ಹೋದರೂ ಅದೇ ಕಥೆ. ಮೊದಲೆಲ್ಲ ಉಪದೇಶ ಮಾಡುವವನು ಪ್ರವಾದಿ ಯೋನನನ್ನು ಮೀನು ನುಂಗುವ ಕಥೆಗೆ ಬರುವ ಹೊತ್ತಿಗೆ ಹೆಂಗಸರು ಪ್ರಸಂಗದ ನಡುವೆಯೇ ಹಾಡು ಎತ್ತುತ್ತಿದ್ದರು. ಈಗ ಬಂದ ಹೊಸ ಪಾದ್ರಿ, ಹಲಗೆಯ ಮೇಲೆ ಯಾವ ಹಾಡಿನ ಸಂಖ್ಯೆ ಬರೆದಿದೆಯೋ ಅದನ್ನು, ಅದರ ಹೊತ್ತಿಗೆ ಮಾತ್ರ ಹಾಡಿ ಎಂದ. "ದೇವ್ರು ನಂಗೆ ಬಾಯಿ ಕೊಟ್ಟ, ಮನುಷ್ಯರೆಲ್ಲ ಸೇರಿ ಅದಕ್ಕೆ ಬೀಗ ಹುಡುಕ್ತಾ ಇದ್ದಾರೆ," ಎಂದು ಅಬಾ ಕೆಂಕೆಯ ಹಿಟ್ಟನ್ನು ಗುದ್ದಿದಳು. ಆ ವಾರದ ಕೆಂಕೆ ಕಲ್ಲಾಗಿದೆ ಎಂದು ಗಿರಾಕಿಗಳು ದೂರಿದರು.

ಅವಳ ಸಿಟ್ಟು ಕ್ವೇನ್ಸಾನ ಕಿವಿಗೂ ಬಿದ್ದಿರಬೇಕು. ಕೇಪ್ ಕೋಸ್ಟ್‌ನ ದೊಡ್ಡ ಸಭಾಂಗಣದಲ್ಲಿ ಕಥೆಗಾರರ ಪಂದ್ಯ ನಡೆಯಲಿದೆ ಎಂದು ಹೇಳಲು ಬಂದವನು ನೇರವಾಗಿ ಅವಳ ಅಂಗಳಕ್ಕೇ ಬಂದ. "ಈ ಸಲ ನಿಮ್ಗೂ ಜಾಗ ಇಟ್ಟಿದ್ದೀವಮ್ಮಾ. ಅಡ್ಡಹಾಡು ಇಲ್ದೆ ನಮ್ಮ ಕಥೆ ಪೂರ್ತಿ ಆಗಲ್ಲ ಅಂತ ನಾನೇ ಹೇಳ್ದೆ," ಎಂದ. ಅಬಾ ಅವನಿಗೆ ಕುರ್ಚಿ ಕೊಟ್ಟಳು, ಹುರಿದ ಮೀನಿನ ಜೊತೆ ಬಿಸಿ ಕೆಂಕೆ ಕೊಟ್ಟಳು, ಖಾರದ ಚಟ್ನಿ ಎರಡು ಸಲ ಬಡಿಸಿದಳು.

ಜಾಗ ಎಂದರೇನೆಂದು ತಾಲೀಮಿನ ದಿನ ತಿಳಿಯಿತು. ಸೊಲ್ಲು ಹಿಡಿಯಲು ಆರಿಸಿದ್ದ ಊರಿನ ಹೆಂಗಸರಿಗೆಲ್ಲ ಒಂದೇ ಬಗೆಯ ನೀಲಿ ಬಟ್ಟೆ ಹಂಚಿದರು. ಕೊಜೋ ಹೇಳುತ್ತ ಹೇಳುತ್ತ ಟೋಪಿ ಮುಟ್ಟಿಕೊಳ್ಳುತ್ತಾನೆ. ಆಗ ಅಬಾ ಏಳಬೇಕು. ಅವಳ ಹಿಂದೆ ಉಳಿದವರು.

"ಅವ್ನು ಟೋಪಿ ಮುಟ್ದಾಗ ನಂಗೆ ಹಾಡು ಬರ್ದೇ ಇದ್ರೆ?" ಎಂದು ಕೇಳಿದಳು ಅಬಾ.

"ಬರ್ಬೇಕಮ್ಮಾ."

"ಅದಕ್ಕೆ ಮುಂಚೇನೇ ಬಂದ್ರೆ?"

"ಸ್ವಲ್ಪ ತಡ್ಕೋಬೇಕು."

"ಇದು ಅಡ್ಡ ಬರೋದಲ್ಲ ಕಣಪ್ಪಾ, ಕರೆದಾಗ ಬರೋದು. ಅಷ್ಟಕ್ಕೆ ನಾನ್ಯಾಕೆ? ನಮ್ಮನೆ ನಾಯೀನೂ ಬರುತ್ತೆ."

ಕೊಜೋ ಅವಳನ್ನು ಪಕ್ಕಕ್ಕೆ ಕರೆದ. "ಊರಿನ ಹೆಸ್ರು ಕಣೇ ಅಬಾ. ನನ್ನ ಮೊಣಕಾಲು ಹೋಯ್ತು, ಇನ್ನು ಮರ ಹತ್ತಕ್ಕಾಗಲ್ಲ. ಇದು ಕೈ ಹಿಡಿದ್ರೆ ನಾನು ಬದುಕ್ಕೋತೀನಿ. ಒಂದು ಸಂಜೆ ನಂಗೋಸ್ಕರ ಟೋಪಿ ನೋಡ್ಕೊಂಡಿರು." ಅವನು ಹಾಗೆ ಬೇಡಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಆಗಲಿ ಎಂದಳು. ಮನಸ್ಸಿನಿಂದಲೇ ಎಂದಳು.

ಸಭಾಂಗಣದ ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು. ಎದುರಿಗೆ ಕೂತವರ ಮುಖ ಕಾಣದು, ಕತ್ತಲೆಯೇ ಕುರ್ಚಿ ಹಾಕಿಕೊಂಡು ಕೂತ ಹಾಗಿತ್ತು. ಅಬಾ ಕೊಜೋನ ಟೋಪಿಯನ್ನು ದಿಟ್ಟಿಸುತ್ತ ಕೂತಳು. ಕಥೆ ಅದೇ, ಕಾಲುಗಳ ಬಾಡಿಗೆಯದು. ಆದರೆ ಆ ಸಂಜೆ ಕೊಜೋನ ಮೈಮೇಲೆ ಏನೋ ಬಂದಿತ್ತು. ಪಂದ್ಯದ ಭಯವೋ, ಅಷ್ಟು ದೊಡ್ಡ ಕತ್ತಲೆಯೋ, ಅವನು ಹಳೆಯ ಕೊಜೋ ಆಗಿಬಿಟ್ಟ. ತಾಲೀಮಿನಲ್ಲಿ ಇಲ್ಲದ ಮಾತುಗಳನ್ನು ಕಟ್ಟತೊಡಗಿದ. ಕಾಲಿಲ್ಲದ ಜೇಡಪ್ಪ ಬಾಗಿಲ ಬಳಿ ಉಂಡೆಯಾಗಿ ಕೂತಿದ್ದಾನೆ. "ಬಾಗ್ಲು ತೆರೆದಿದೆ," ಎಂದ ಕೊಜೋ, ಮೆಲ್ಲಗೆ, "ಹೊಸ್ತಿಲು ಮೂಗಿನ ಮುಂದೇನೇ ಇದೆ. ಸಾರಿನ ವಾಸ್ನೆ ಮನೆಯೊಳ್ಗೇ ಬಂದು ಕರೀತಾ ಇದೆ. ದಾಟೋದು ಯಾರಪ್ಪಾ?"

ಟೋಪಿ ಅಲುಗಲಿಲ್ಲ. ಅಬಾ ಮಾತ್ರ ಎದ್ದುನಿಂತಿದ್ದಳು.

"ಹಿಡ್ಕೊ ಕಥೆ! ನಾನಲ್ಲಿದ್ದೆ!"

"ಕಾಲೇ ಕಾಲೇ ಎಲ್ಲಿದ್ದೀಯೇ?" ಎಂದು ಎತ್ತಿದಳು. ಹಿಂದಿನಿಂದ ಉತ್ತರ ಬರಲಿಲ್ಲ. ನೀಲಿ ಬಟ್ಟೆಯ ಹೆಂಗಸರು ಕಕ್ಕಾಬಿಕ್ಕಿಯಾಗಿ ಟೋಪಿಯನ್ನೇ ನೋಡುತ್ತ ಕೂತಿದ್ದರು. ಕತ್ತಲೆಯಿಂದಲೂ ಸೊಲ್ಲು ಬರಲಿಲ್ಲ, ಅಲ್ಲಿದ್ದವರು ಸಭ್ಯರು. ಅಬಾ ಒಬ್ಬಳೇ ಕೇಳಿದಳು, ಒಬ್ಬಳೇ ಉತ್ತರ ಹೇಳಿದಳು, ಒಬ್ಬಳೇ ಚಪ್ಪಾಳೆ ತಟ್ಟಿದಳು. ತನ್ನ ದನಿ ಅಷ್ಟು ಸಣ್ಣದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಾಡನ್ನು ಅರ್ಧಕ್ಕೇ ಬಿಟ್ಟು ಕೂತಳು. ಕಾರ್ಯಕ್ರಮ ಮುಗಿಯಿತೆಂದುಕೊಂಡು ಯಾರೋ ಕೈ ತಟ್ಟಿದರು.

ಕೊಜೋನಿಗೆ ಎಳೆ ತಪ್ಪಿತು. "ಆಮೇಲೆ..." ಎಂದ. "ಆಮೇಲೆ ಜೇಡಪ್ಪ..." ಎಂದ. ಬೆವರು ಒರೆಸಲು ಟೋಪಿಗೆ ಕೈ ಹಾಕಿದ. ತಕ್ಷಣ ಹೆಂಗಸರೆಲ್ಲ ಒಟ್ಟಿಗೆ ದಡಕ್ಕನೆ ಎದ್ದು, ಅಬಾ ಆಗಲೇ ಹಾಡಿ ಕೆಡಿಸಿದ್ದ ಅದೇ ಹಾಡನ್ನು ಮೊದಲಿಂದ ಹಾಡಿದರು. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗು ಕಥೆಗೆ ಬಂದದ್ದಲ್ಲ.

ತಿರುಗಿ ಬರುವ ವ್ಯಾನು ಊರು ಮುಟ್ಟುವ ಹೊತ್ತಿಗೆ ಕೊಜೋ, "ಬೇಕಂತಾನೇ ಮಾಡ್ದೆ," ಎಂದ.

"ಇಲ್ಲ ಕಣೋ."

"ಒಂದು ಸಂಜೆ. ಒಂದೇ ಒಂದು ಸಂಜೆ ಕೇಳಿದ್ದೆ."

"ಅಷ್ಟು ಚೆನ್ನಾಗಿ ಯಾಕೋ ಹೇಳ್ದೆ?" ಎಂದಳು ಅಬಾ. "ವಾರಾ ವಾರಾ ರೇಡಿಯೋದಲ್ಲಿ ಹೇಳೋ ಹಾಗೆ ಹೇಳಿದ್ರೆ ಕಲ್ಲಿನ ಹಾಗೆ ಕೂತಿರ್ತಿದ್ದೆ."

ಅದು ಅವಳು ಅವನಿಗೆ ಕೊಟ್ಟ ಅತಿ ದೊಡ್ಡ ಹೊಗಳಿಕೆ. ಅವನಿಗೆ ಆ ಹೊತ್ತಿನಲ್ಲಿ ಅದು ಬೈಗುಳವಾಗಿ ಕೇಳಿಸಿತು. ಆಮೇಲೆ ಅವನು ಕೆಂಕೆಯನ್ನು ಬೇರೆ ಕಡೆ ಕೊಂಡ. ಮಳೆಗಾಲ ಕಳೆಯುವ ಹೊತ್ತಿಗೆ ಪಟ್ಟಣದಲ್ಲಿದ್ದ ಅಣ್ಣನ ಮಗನ ಮನೆಗೆ ಹೊರಟುಹೋದ; ರೇಡಿಯೋದಲ್ಲಿ ವಾರವಾರವೂ ಕೂತು ಹೇಳುವ ಕೆಲಸ ಸಿಕ್ಕಿತಂತೆ.

ಬೇವಿನ ಮರದ ಕೆಳಗೆ ಎಲೆ ಗುಡಿಸುವವರಿಲ್ಲದಾಯಿತು. ಸಂಜೆಯಾದರೆ ಅಬಾಳಿಗೆ ಮೈಯೆಲ್ಲ ತುರಿಕೆ. ಹಾಡುಗಳು ಬಂದು ನಾಲಿಗೆಯ ತುದಿಯಲ್ಲಿ ಕೂರುತ್ತವೆ, ನುಗ್ಗಲು ಕಥೆಯೇ ಇಲ್ಲ. ಗಂಡ ಮಾತಾಡುವಾಗ ಅಡ್ಡ ಬರೋಣವೆಂದರೆ ಆ ಮಹಾರಾಯ ಮಾತೇ ಆಡುವುದಿಲ್ಲ. ಊರಿನ ಉಳಿದ ಕಥೆಗಾರರು, "ಕೊಜೋ ರೇಡಿಯೋದಲ್ಲಿ ಹೇಳ್ತಾನಲ್ಲ, ನಮ್ದು ಯಾರಿಗ್ಬೇಕು?" ಎಂದು ಹಿಂದೆ ಸರಿದಿದ್ದರು.

"ಹಾಗಾದ್ರೆ ನಾನೇ ಹೇಳ್ತೀನಿ," ಎಂದು ಅವಳು ಒಂದು ದಿನ ಮರದ ಕೆಳಗೆ ಗುಡಿಸಿ, ಮಣೆ ಹಾಕಿಕೊಂಡು ಕೂತಳು. ಒಡೂಮಜ್ಜನ ಮಾತು ಅವಳಿಗೆ ನೆನಪಿತ್ತು. ಹಟ ಅದಕ್ಕಿಂತ ದೊಡ್ಡದಾಗಿತ್ತು.

ಜನ ಬಂದರು. ಆಮೆ ಮತ್ತು ಗಿಡುಗನ ಮದುವೆಯ ಕಥೆ ತೆಗೆದಳು. ಹೇಳತೊಡಗಿದ ಮೇಲೆ ಗೊತ್ತಾಯಿತು, ಇಷ್ಟು ವರ್ಷ ತಾನು ಕಥೆಗಳ ಕಿಟಕಿಗಳನ್ನಷ್ಟೇ ನೋಡಿದ್ದೇನೆ, ಗೋಡೆಗಳನ್ನಲ್ಲ. ಆಮೆ ಗಿಡುಗನ ಮನೆಯಿದ್ದ ಮರದ ಬುಡ ಮುಟ್ಟಿತು, ಆಮೇಲೆ ಹೇಗೆ ಹತ್ತಿತು? ಮರೆತುಹೋಗಿದೆ. ಒಬ್ಬರಾದರೂ ಎದ್ದು ಹಾಡಿದರೆ ಅಷ್ಟರಲ್ಲಿ ನೆನಪು ಮಾಡಿಕೊಳ್ಳಬಹುದಿತ್ತು. ಯಾರೂ ಏಳಲಿಲ್ಲ. ಹಿರಿಯಳಾದ ಅಬಾ ಹೇಳುತ್ತಿದ್ದಾಳೆ ಎಂದು ಎಲ್ಲರೂ ಗೌರವದಿಂದ, ರೇಡಿಯೋದ ಮುಂದೆ ಕೂತ ಹಾಗೆ, ಕೈಕಟ್ಟಿ ಕೂತಿದ್ದರು. ಅಬಾಳ ತಾಳ್ಮೆ ಹರಿಯಿತು.

"ಯಾರಾದ್ರೂ ಅಡ್ಡ ಬನ್ರೋ!" ಎಂದು ಕಿರುಚಿದಳು. "ನಿಮ್ಗೆಲ್ಲ ಬಾಯಿ ಬಿದ್ದೋಯ್ತಾ? ಸತ್ತೋರ ಮನೇಲೂ ಇದಕ್ಕಿಂತ ಜಾಸ್ತಿ ಗಲಾಟೆ ಇರುತ್ತೆ!"

ಮರದ ಬುಡದಲ್ಲಿ ಎಬೋ ಬೆಚ್ಚಿ ಎಚ್ಚರಗೊಂಡ. ಹೆಂಡತಿಯ ಕೂಗು ಕಿವಿಗೆ ಬಿದ್ದಿತ್ತು, ಕಥೆ ಬಿದ್ದಿರಲಿಲ್ಲ. ಅವನು ಎದ್ದುನಿಂತು ಪಂಚೆ ಸರಿಮಾಡಿಕೊಂಡು, "ಹಿಡ್ಕೊ. ನಾನಲ್ಲಿದ್ದೆ," ಎಂದ. ಆಮೇಲೆ ಜೀವಮಾನದಲ್ಲಿ ತನಗೆ ಗೊತ್ತಿದ್ದ ಒಂದೇ ಹಾಡನ್ನು, ದಿಮ್ಮಿ ಕೊಯ್ಯುವಾಗ ಗರಗಸದ ಎರಡು ಕಡೆಯವರು ಹಾಡುವ ಹಾಡನ್ನು, ಗರಗಸಕ್ಕಿಂತ ಒರಟಾದ ದನಿಯಲ್ಲಿ ಎತ್ತಿದ:

"ನೀನೆಳಿ, ನಾನೆಳಿತೀನಿ,
ಹೊಟ್ಟು ಬೀಳ್ಲಿ, ನಾನೆಳಿತೀನಿ!"

ಮದುವೆಯ ಕಥೆಗೂ ಮರದ ಹೊಟ್ಟಿಗೂ ಏನು ಸಂಬಂಧ! ಶ್ರುತಿ ತಪ್ಪು, ಜಾಗ ತಪ್ಪು, ಹಾಡೇ ತಪ್ಪು. ಆದರೆ ಕಟ್ಟಳೆ ಕಟ್ಟಳೆಯೇ. ಹಾಡು ಮುಗಿಯುವವರೆಗೆ ಹೇಳುವವಳು ಬಾಯಿ ತೆರೆಯುವಂತಿಲ್ಲ. ಅಬಾ ಸೊಂಟಕ್ಕೆ ಕೈಕೊಟ್ಟು, ಹಲ್ಲು ಕಚ್ಚಿಕೊಂಡು ನಿಂತಳು. ಎಬೋ ಗಂಭೀರವಾಗಿ ಹಾಡುತ್ತಲೇ ಇದ್ದ. ಡೋಲಿನವನಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಅವನ ದನಿಯನ್ನು ಸಹಿಸಲಾರದೆ ಮೀನು ಒಣಗಿಸುವ ಟ್ವೇಬಾ ಎದ್ದು, "ಎಬೋ ಮಾವ, ಸಾಕು ಮಾಡು, ನಾನೂ ಆ ಮದುವೇಲಿದ್ದೆ!" ಎಂದು ಸರಿಯಾದೊಂದು ಮದುವೆ ಹಾಡು ಎತ್ತಿ ಅವನನ್ನು ಮುಳುಗಿಸಿದಳು. ಜನ ಎದ್ದರು. ಆ ಗಲಾಟೆಯ ನಡುವೆ ಅಬಾಳಿಗೆ ಆಮೆ ಹೇಗೆ ಮರ ಹತ್ತಿತೆಂದು ನೆನಪಾಯಿತು.

"ಗರಗಸದ ಹಾಡೇನಯ್ಯಾ!" ಎಂದಳು ಅಬಾ ಮನೆಗೆ ಹೋಗುವಾಗ.

"ಕರೆದೆ, ಬಂದೆ," ಎಂದ ಎಬೋ.

ಅಲ್ಲಿಂದ ಮುಂದೆ ವಾರಕ್ಕೊಮ್ಮೆಯಾದರೂ ಬೇವಿನ ಮರದ ಕೆಳಗೆ ಜನ ಸೇರತೊಡಗಿದರು, ಮುಖ್ಯವಾಗಿ ಎಬೋ ಹಾಡುವ ಮುಂಚೆ ತಾವು ಹಾಡಿಬಿಡಬೇಕೆಂದು. ಅಬಾ ಹೇಳುತ್ತಿದ್ದಳು. ಚೆನ್ನಾಗೇನೂ ಹೇಳುತ್ತಿರಲಿಲ್ಲ. ಅಡ್ಡ ಬರುವವರಲ್ಲಿ ಅರ್ಧ ಜನ ಬೇಗ, ಅರ್ಧ ಜನ ತಡ; ಮಣೆಯ ಮೇಲೆ ಕೂತು ಅದನ್ನೆಲ್ಲ ನುಂಗಿಕೊಳ್ಳುವುದು ಅವಳ ಪಾಲಿಗೆ ಬಂದ ಹೊಸ ಶಿಕ್ಷೆ. ಅವಳಿಗೆ ಬೇಕಿದ್ದುದು ಕೆಳಗೆ ಜನರ ನಡುವೆ ಕೂತು, ಹಾಡು ಬಂದಾಗ ಏಳುವುದು. ಅದೊಂದು ಸಿಗಲಿಲ್ಲ.

ವರ್ಷ ದಾಟಿದ ಮೇಲೆ ಕೊಜೋ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಊರಿಗೆ ಬಂದ. ಮಧ್ಯಾಹ್ನ ಅವಳ ಅಂಗಳದಲ್ಲಿ ಬಂದು ನಿಂತು, "ಕೆಂಕೆ ಇದೆಯಾ?" ಎಂದ.

"ಪಟ್ನದಲ್ಲಿ ಸಿಗಲ್ವಾ?"

"ಸಿಗುತ್ತೆ. ಹುಳಿ ಇರಲ್ಲ."

ಅವಳು ಕೊಟ್ಟಳು. ಅವನು ಎಲೆ ಬಿಚ್ಚುತ್ತ, "ಅಲ್ಲಿ ಒಂದು ಗಾಜಿನ ಮುಂದೆ ಕೂರಿಸ್ತಾರೆ ಅಬಾ," ಎಂದ. "ಗಾಜಿನಾಚೆ ಒಬ್ಬ ಕೂತಿರ್ತಾನೆ, ಕೈಸನ್ನೆ ಮಾಡ್ತಾನೆ. ಒಂದು ಗುಟುಕು ನೀರು ಕುಡಿಯಕ್ಕೂ ಬಿಡುವಿಲ್ಲ. ಮೊದ್ಲು ನೀನು ಹಾಡೋವಾಗ ಕುಡೀತಿದ್ದೆ."

"ಈಗ ಕುಡಿ," ಎಂದು ಅವಳು ನೀರಿನ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

ಆ ಸಂಜೆ ಊರವರು ಕೊಜೋನನ್ನು ಮಣೆಯ ಮೇಲೆ ಕೂರಿಸಿದರು. ಅಬಾ ಕೆಳಗೆ ಜನರ ನಡುವೆ ಕೂತಳು. ಹೊಸ ಕಥೆ, ಜೇಡಪ್ಪ ಗುಡುಗಿಗೆ ಕಿವಿ ಚುಚ್ಚಲು ಹೊರಟದ್ದು. ರೇಡಿಯೋದ ನುಣುಪು ಮೊದಮೊದಲು ಇತ್ತು, ನಿಧಾನವಾಗಿ ಬಿಟ್ಟುಹೋಯಿತು. ಜೇಡಪ್ಪ ಸೂಜಿ ಹಿಡಿದು ಮೋಡ ಹತ್ತತೊಡಗಿದ. ಅಬಾ ಎದ್ದಳು. "ಹಿಡ್ಕೊ ಕಥೆ! ನಾನಲ್ಲಿದ್ದೆ!"

ಕೊಜೋ ನಿಲ್ಲಿಸಿದ. ಕಾದ. ಅವಳು ಹಾಡಿದಳು, ಜನ ಸೊಲ್ಲು ಸೇರಿಸಿದರು, ಆದರೂ ಹಾಡು ಹಸಿ ಸೌದೆಯ ಹಾಗೆ ಹೊಗೆಯಾಡಿತು, ಹೊತ್ತಿಕೊಳ್ಳಲಿಲ್ಲ. ಮುಗಿದ ಮೇಲೆ ಅವನು ಕಥೆ ತೆಗೆದುಕೊಳ್ಳದೆ ಅವಳನ್ನೇ ನೋಡಿದ.

"ಬೇಗ ಆಯ್ತು ಕಣೇ."

"ಏನು ಬೇಗ? ಸೂಜಿ ಬಂತು, ಹಾಡು ಬಂತು."

"ಸೂಜಿ ಅಲ್ಲ, ಗುಡುಗು ಕಿವಿ ಕೊಡ್ಬೇಕಿತ್ತು. ಅಲ್ಲಿಗೆ ಬಂದೇ ಇರ್ಲಿಲ್ಲ ನಾನು."

"ನೀನು ಎಮ್ಮೆ ಹಾಗೆ ನಡೆದ್ರೆ ನಾನು ಕಾಯ್ತಾ ಕೂರ್ಲಾ?"

"ಕೇಪ್ ಕೋಸ್ಟಲ್ಲಿ ಕಾಯ್ದೆ ಇದ್ದದ್ದು ಸಾಲ್ದೇನೇ ನಿಂಗೆ?"

"ಓಹೋ, ಆ ಟೋಪಿ ಇನ್ನೂ ತಲೆಮೇಲಿದೆಯಾ!"

ಜಗಳ ಏರಿತು. ಕೇಪ್ ಕೋಸ್ಟ್ ಬಂತು, ಶಾಲೆಯ ಕಿಟಕಿ ಬಂತು, ಒಡೂಮಜ್ಜನೂ ಬಂದ. ಜನ ಎರಡು ಪಾಳಯವಾಗಿ ಕೂತು, ಒಂದೊಂದು ಮಾತಿಗೂ ಹೋ ಎಂದು ಕೂಗಿ, ಕಥೆಗಿಂತ ಅದನ್ನೇ ಹೆಚ್ಚು ಸವಿದರು. ಗುಡುಗಿನ ಕಿವಿಗೆ ಕೊನೆಗೂ ಸೂಜಿ ಬೀಳಲಿಲ್ಲ. ಕೊಜೋ ಟೋಪಿ ಕಿತ್ತು ಕಂಕುಳಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೋದ, ಬೆಳಿಗ್ಗೆಯ ವ್ಯಾನಿಗೆ ಪಟ್ಟಣ ಸೇರಿದ. ಹೋಗುವಾಗ ದಾರಿಗೆಂದು ಅವಳ ಅಂಗಳದಿಂದ ಕೆಂಕೆ ಕೊಂಡ.

ಅವನು ಹೋದ ಮೇಲೆ ಅಬಾ ಹಿಟ್ಟಿನ ಮುಂದೆ ಕೂತು ಉಂಡೆ ಕಟ್ಟುತ್ತಿದ್ದಳು. ಎಬೋ ಬಾಗಿಲಲ್ಲಿ ಉಳಿಗೆ ಸಾಣೆ ಹಿಡಿಯುತ್ತಿದ್ದ. ಸಾಣೆ ನಿಲ್ಲಿಸಿ ಅವನು ಕೇಳಿದ, "ನಿನ್ನೆ ಯಾರ್ದು ಸರಿ?"

ಅಬಾ ಎಲೆಯನ್ನು ಉಂಡೆಯ ಸುತ್ತ ಬಿಗಿದು, ಅಗತ್ಯಕ್ಕಿಂತ ಜೋರಾಗಿ ತಿರುಚಿದಳು.

"ಅವ್ನದೇ," ಎಂದಳು. "ನಂದು ಬೇಗ ಆಯ್ತು. ಅದಕ್ಕೇ ಮೈ ಉರೀತಿರೋದು."